ಹನ್ನೆರಡರ ಅಂಗಳಕ್ಕೆ ಹದಿನಾಲ್ಕರ ತೋಳು

ಸಂಪಾದಕರಿಗೆ ನಮಸ್ಕಾರ.

ಒಂದನೇ ಕ್ಲಾಸಿಗೆ ಸೇರಬೇಕಾದರೆ ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು ಅನ್ನೋ ನಿಯಮದ ಮೇಲೆ ನಮ್ಮ ಕಡೆ ನಡೆದ ಚರ್ಚೆಯನ್ನೆಲ್ಲ ನಾನು ಇಲ್ಲಿಂದಲೇ ಓದುತ್ತಿದ್ದೆ. 2025-26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳು ಆಗಿದ್ದರೂ ಸಾಕು ಎಂದು ಸರ್ಕಾರ ಸಡಿಲಿಸಿದ ವಾರ ಹಾಸನದಿಂದ ನನ್ನ ತಂಗಿ ಫೋನ್ ಮಾಡಿದಳು. ಅವಳ ಮಗಳು ಹುಟ್ಟಿದ್ದು ಜುಲೈ ತಿಂಗಳಲ್ಲಿ. ಬರೀ ಐದಾರು ವಾರ ಕಡಿಮೆ ಬಿತ್ತು ಅಂತ ಮಗು ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಬೇಕಿತ್ತು, ಜೊತೆಯವರೆಲ್ಲ ಮುಂದೆ ಹೋಗಿಬಿಡುತ್ತಿದ್ದರು. "ಅಕ್ಕ, ಒಂದು ತಾರೀಖಿಗೆ ಇಷ್ಟು ಬೆಲೆನಾ?" ಎಂದು ಕೇಳಿದಳು. ಆಗ ನಾನು ನ್ಯೂಜೆರ್ಸಿಯ ನಮ್ಮ ಊರಿನ ಪಾರ್ಕಿನಲ್ಲಿ, ಬೇಸ್‌ಬಾಲ್ ಮೈದಾನದ ಬೇಲಿ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಸ್ಕೋರ್ ಬರೆಯುತ್ತಾ ಕೂತಿದ್ದೆ. ಆವತ್ತು ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲ. ಮೂರು ತಿಂಗಳಾದ ಮೇಲೆ ಅಂಥದೇ ಇನ್ನೊಂದು ಮೈದಾನದಲ್ಲಿ ನನಗೆ ಉತ್ತರ ಸಿಕ್ಕಿತು. ಅದನ್ನೇ ಬರೆಯುತ್ತಿದ್ದೇನೆ.

ಇಲ್ಲಿನ ಮಕ್ಕಳ ಬೇಸ್‌ಬಾಲಿಗೂ ಒಂದು ತಾರೀಖು ಇದೆ, ಆಗಸ್ಟ್ 31. ಆ ವರ್ಷದ ಆಗಸ್ಟ್ 31ಕ್ಕೆ ಮಗುವಿಗೆ ಎಷ್ಟು ವಯಸ್ಸು ಆಗಿರುತ್ತದೋ ಅದೇ ಅವನ 'ಲೀಗ್ ಏಜ್'. ಇದು ಊರೂರಿನಲ್ಲಿ ಮಕ್ಕಳ ಬೇಸ್‌ಬಾಲ್ ಆಡಿಸುವ ಲಿಟಲ್ ಲೀಗ್ ಸಂಸ್ಥೆಯ ನಿಯಮ. ನನ್ನ ಮಗ ಹುಟ್ಟಿದ್ದು ಸೆಪ್ಟೆಂಬರ್ 3ಕ್ಕೆ. ಅವನ ಜೀವದ ಗೆಳೆಯ ಅದೇ ವರ್ಷ ಆಗಸ್ಟ್ 29ಕ್ಕೆ. ಐದೇ ದಿನದ ಅಂತರ, ಆದರೆ ಲೀಗ್ ಲೆಕ್ಕದಲ್ಲಿ ಒಂದು ಇಡೀ ವರ್ಷ. ಕಳೆದ ಬೇಸಿಗೆಯಲ್ಲಿ ಗೆಳೆಯ ಹನ್ನೆರಡರವನು, ನನ್ನ ಮಗ ಹನ್ನೊಂದರವನು. ಈ ವರ್ಷ ಗೆಳೆಯ ಹದಿಮೂರಾಗಿ ಮೇಲಿನ ಗುಂಪಿಗೆ ಹೋದ, ನನ್ನ ಮಗ ಹನ್ನೆರಡರ ಗುಂಪಿನಲ್ಲೇ ಎಲ್ಲರಿಗಿಂತ ದೊಡ್ಡವನಾಗಿ ಉಳಿದ. ಅಂದರೆ ತಾರೀಖಿನ ಲಾಭ ಈಗ ನಮಗೇ ಬಂದಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿ ನನ್ನ ಮಗನಿಗೆ ಅನ್ಯಾಯವಾಯಿತು ಅಂತ ಮಾತ್ರ ಈ ಕಾಗದ ಬರೆದೆ ಎಂದು ಯಾರೂ ತಿಳಿಯಬಾರದು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಕೊಡಬೇಕು, ಇಲ್ಲದಿದ್ದರೆ ಒಂದೆರಡು ವರ್ಷ ಹೆಚ್ಚುಕಮ್ಮಿಗೆ ಇಷ್ಟು ಗಲಾಟೆ ಯಾಕೆ ಅನಿಸುತ್ತದೆ. ಚೆಂಡು ಎಸೆಯುವವನು ಪಿಚರ್. ನಮ್ಮ ಬೌಲರ್ ಹಾಗೆ ಅವನು ಓಡಿ ಬರುವುದಿಲ್ಲ, ಚೆಂಡು ನೆಲಕ್ಕೆ ಬಡಿದು ಏಳುವುದೂ ಇಲ್ಲ, ನೇರ ಮೈ ಹತ್ತಿರಕ್ಕೇ ಬರುತ್ತದೆ. ಚೆಂಡಿನ ತೂಕ ಸುಮಾರು 145 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ತುಸು ಹಗುರ ಅಷ್ಟೇ, ಬಿದ್ದರೆ ನೋವು ಒಂದೇ. ದೊಡ್ಡವರ ಆಟದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿರುವ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಹನ್ನೆರಡರವರೆಗಿನ ಮಕ್ಕಳಿಗೆ ಅದು 46 ಅಡಿ. ಬ್ಯಾಟರ್ ಓಡಿ ಮುಟ್ಟಬೇಕಾದ ಗುರುತಿನ ಜಾಗಗಳಿಗೆ ಬೇಸ್ ಅನ್ನುತ್ತಾರೆ, ಅವುಗಳ ನಡುವಿನ ದೂರ ದೊಡ್ಡವರಿಗೆ 90 ಅಡಿ, ಮಕ್ಕಳಿಗೆ 60 ಅಡಿ. ನಮ್ಮ ಕ್ರಿಕೆಟ್ ಪಿಚ್ 22 ಗಜ, ಅಂದರೆ 66 ಅಡಿ ಅನ್ನೋದನ್ನು ಮನಸ್ಸಿನಲ್ಲಿಟ್ಟುಕೊಂಡು ಈ 46 ಅಡಿಯನ್ನು ಊಹಿಸಿಕೊಳ್ಳಿ.

ಈ ಅಳತೆಗಳು ಯಾರೋ ಸುಮ್ನೆ ಗೀಚಿದ್ದಲ್ಲ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಊರಿನಲ್ಲಿ ಕಾರ್ಲ್ ಸ್ಟಾಟ್ಸ್ ಎಂಬುವರು ಮೂರು ತಂಡ ಕಟ್ಟಿಕೊಂಡು ಲಿಟಲ್ ಲೀಗ್ ಶುರು ಮಾಡುವ ಮೊದಲು ಮಾಡಿದ ಕೆಲಸವೇ ಇದು. ತಮ್ಮ ನೆಂಟರ ಮನೆಯ ಹುಡುಗರನ್ನೂ ಅಕ್ಕಪಕ್ಕದ ಮಕ್ಕಳನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ, ಎಸೆಯಿಸಿ, ಓಡಿಸಿ, ಎಷ್ಟು ದೂರ ಇಟ್ಟರೆ ಮಕ್ಕಳ ಕೈಕಾಲಿಗೆ ಸರಿಹೋಗುತ್ತದೆ ಎಂದು ನೋಡಿ ನೋಡಿ ಅಳತೆ ಹಾಕಿದರು. ಎಸೆಯುವ ದೂರ ಮಾತ್ರ ಆಮೇಲೆ ಹೆಚ್ಚಿ ಈಗಿನ 46 ಅಡಿ ಆಯಿತು. ಅಂದರೆ ಮೈದಾನವನ್ನು ಮಗುವಿನ ಮೈಗೆ ತಕ್ಕಂತೆ ಹೊಲಿದರು. ನನಗೆ ಇದು ತುಂಬಾ ಇಷ್ಟವಾದ ವಿಷಯ. ವಯಸ್ಸಿನ ಮಿತಿಯೂ ಆ ಹೊಲಿಗೆಯ ಒಂದು ಭಾಗ. ಅದನ್ನು ಬಿಚ್ಚಿದರೆ 46 ಅಡಿಗೆ ಅರ್ಥವೇ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹನ್ನೊಂದು ವರ್ಷದ ಹುಡುಗ ಗಂಟೆಗೆ 50 ಮೈಲಿ ವೇಗದಲ್ಲಿ ಎಸೆದ ಅಂದುಕೊಳ್ಳೋಣ. 46 ಅಡಿ ದಾಟಲು ಚೆಂಡಿಗೆ ಸೆಕೆಂಡಿನ ಹತ್ತು ಪಾಲಿನಲ್ಲಿ ಆರು ಪಾಲು ಬೇಕು. ಅದೇ ದೂರದಿಂದ ಯಾರಾದರೂ 70 ಮೈಲಿಯಲ್ಲಿ ಎಸೆದರೆ ನಾಲ್ಕೂವರೆ ಪಾಲೂ ಇಲ್ಲ. ಆಡಬೇಕೋ ಬಿಡಬೇಕೋ ತೀರ್ಮಾನಿಸಿ, ಬ್ಯಾಟ್ ಬೀಸಿ, ಇಲ್ಲ ಮೈ ತಿರುಗಿಸಿಕೊಂಡು, ಎಲ್ಲವೂ ಅಷ್ಟರಲ್ಲೇ ಆಗಬೇಕು. ದೊಡ್ಡವರ ಮೈದಾನದ ಲೆಕ್ಕಕ್ಕೆ ತಂದರೆ ಅದು 92 ಮೈಲಿ. ಸಂಬಳಕ್ಕೆ ಆಡುವವರು ಎಸೆಯುವ ವೇಗ ಅದು. ಗಂಡುಮಕ್ಕಳು ಏಕ್‌ದಮ್ ಎತ್ತರವಾಗುವುದು, ಭುಜ ಅಗಲವಾಗುವುದು ಹೆಚ್ಚಾಗಿ ಹನ್ನೆರಡರಿಂದ ಹದಿನೈದರ ನಡುವೆ. ಏಳು ವರ್ಷದವನಿಗೂ ಎಂಟು ವರ್ಷದವನಿಗೂ ಇರುವ ಅಂತರವೇ ಬೇರೆ, ಹನ್ನೆರಡರವನಿಗೂ ಹದಿನಾಲ್ಕರವನಿಗೂ ಇರುವ ಅಂತರವೇ ಬೇರೆ.

ಈಗ ಕಳೆದ ಜುಲೈನ ಸಂಗತಿ. ಇಲ್ಲಿ ವಸಂತಕಾಲದಲ್ಲಿ ಊರೂರಿನ ಲೀಗ್ ನಡೆಯುತ್ತದೆ. ಜೂನ್‌ನಲ್ಲಿ ಅದು ಮುಗಿದ ಮೇಲೆ ಚೆನ್ನಾಗಿ ಆಡುವ ಮಕ್ಕಳು ಆಲ್ ಸ್ಟಾರ್ ತಂಡಕ್ಕೆ ಹೋಗುತ್ತಾರೆ. ಅವರಲ್ಲಿ ಗೆಲ್ಲುತ್ತಾ ಹೋದವರು ಆಗಸ್ಟ್‌ನಲ್ಲಿ ವಿಲಿಯಮ್ಸ್‌ಪೋರ್ಟ್‌ನ ವಿಶ್ವ ಸರಣಿಯವರೆಗೂ ಹೋಗುತ್ತಾರೆ. ಉಳಿದ ಮಕ್ಕಳಿಗೆ ಬೇಸಿಗೆ ಲೀಗ್. ಅಕ್ಕಪಕ್ಕದ ನಾಲ್ಕೈದು ಊರು ಸೇರಿಕೊಂಡು ವಾರಕ್ಕೆ ಎರಡು ಸಂಜೆ ಆಡಿಸುತ್ತಾರೆ. ಅರ್ಧ ಮಕ್ಕಳು ರಜೆಗೆ ಹೋಗಿರುತ್ತಾರೆ. ನಮ್ಮವರ ಮಕ್ಕಳಂತೂ ಅಜ್ಜಿ ಮನೆಗೆ ಅಂತ ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ ಸೇರಿರುತ್ತಾರೆ. ಹಾಗಾಗಿ ತಂಡಕ್ಕೆ ಒಂಬತ್ತು ಜನ ಕೂಡಿಸುವುದೇ ಕೋಚ್‌ಗಳಿಗೆ ದೊಡ್ಡ ಕೆಲಸ. ಅವರೂ ಸಂಬಳವಿಲ್ಲದೆ ಆಫೀಸಿನಿಂದ ನೇರ ಮೈದಾನಕ್ಕೆ ಬರುವ ಅಪ್ಪಂದಿರೇ, ಅವರ ಮೇಲೆ ನನಗೆ ಕೋಪವಿಲ್ಲ.

ಆವತ್ತು ಎದುರಿನ ತಂಡದಲ್ಲಿ ಒಬ್ಬ ಹುಡುಗ ಪಿಚಿಂಗ್‌ಗೆ ನಿಂತ. ಅಂಪೈರ್‌ಗಿಂತ ಎತ್ತರ ಇದ್ದ. ಎತ್ತರವೊಂದೇ ಆದರೆ ನಾನು ಮಾತಾಡುತ್ತಿರಲಿಲ್ಲ, ಹನ್ನೆರಡಕ್ಕೇ ಆರಡಿ ಮುಟ್ಟುವ ಮಕ್ಕಳೂ ಇರುತ್ತಾರೆ, ಅದು ಅವರ ತಪ್ಪಲ್ಲ. ಆದರೆ ಅವನ ಚೆಂಡು, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್‌ನ ಕೈಗವಸಿಗೆ ಬೀಳುವ ಸದ್ದೇ ಬೇರೆ ಇತ್ತು. ಮೊದಲ ಇನ್ನಿಂಗ್ಸ್‌ನಲ್ಲಿ ನಮ್ಮ ಮೂರು ಹುಡುಗರು ಬ್ಯಾಟ್ ಎತ್ತದೆಯೇ ವಾಪಸ್ ಬಂದರು. ವೇಗ ಅಳೆಯುವ ಗನ್ ನಮ್ಮ ಹತ್ತಿರ ಇರಲಿಲ್ಲ, ಹಾಗಾಗಿ ಎಷ್ಟು ಎಂದು ಹೇಳಲಾರೆ. ಮೂರನೇ ಇನ್ನಿಂಗ್ಸ್‌ನಲ್ಲಿ ನನ್ನ ಮಗನ ಸರದಿ. ಎರಡನೇ ಚೆಂಡು ಕೈ ಜಾರಿ ಒಳಕ್ಕೆ ಬಂತು. ಅವನು ತಿರುಗಲು ನೋಡಿದ, ಆಗಲಿಲ್ಲ. ಎಡ ಮೊಣಕೈ ಮೇಲೆ ಬಿತ್ತು.

ಎಕ್ಸ್‌ರೇ ಮಾಡಿಸಿದೆವು. ಮೂಳೆ ಮುರಿದಿರಲಿಲ್ಲ. ಹತ್ತು ದಿನಕ್ಕೆ ಊತ ಇಳಿಯಿತು. ಆದರೆ ಊತ ಇಳಿದ ಮೇಲೆ ಏನಾಯಿತು ಅಂದರೆ, ಅವನು ಮತ್ತೆ ಬ್ಯಾಟ್ ಹಿಡಿದು ನಿಂತಾಗ, ಎದುರಿಗಿರುವ ಪಿಚರ್ ಅವನ ಕ್ಲಾಸಿನ ಸಣಕಲು ಹುಡುಗನೇ ಆಗಿದ್ದರೂ, ಚೆಂಡು ಕೈ ಬಿಡುವ ಮೊದಲೇ ಅವನ ಎಡಗಾಲು ಹೊರಕ್ಕೆ ಸರಿಯುತ್ತಿತ್ತು. ಅವನಿಗೇ ಗೊತ್ತಿಲ್ಲದೆ ಸರಿಯುತ್ತಿತ್ತು. ಕೋಚ್ ಕಾಲ ಹಿಂದೆ ಒಂದು ಬ್ಯಾಟ್ ಅಡ್ಡ ಇಟ್ಟು ಅಭ್ಯಾಸ ಮಾಡಿಸಿದರು. ನಮ್ಮ ಮನೆಯವರು ದಿನಾ ಸಂಜೆ ಮನೆ ಹಿಂದೆ ಟೆನಿಸ್ ಬಾಲ್ ಎಸೆದರು. ಬೇಸಿಗೆ ಪೂರ್ತಿ ಹೋಯಿತು, ಆ ಕಾಲು ನೆಲೆ ನಿಲ್ಲಲು. ಇದು ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಎಷ್ಟೋ ಮಕ್ಕಳು ಇಂಥದೇ ಒಂದು ಸಂಜೆಯ ನಂತರ ಬೇರೆ ಏನೋ ನೆಪ ಹೇಳಿ ಆಟ ಬಿಡುತ್ತಾರೆ. ನಾವು ಅವನಿಗೆ ಆಸಕ್ತಿ ಹೋಯಿತು ಅಂದುಕೊಳ್ಳುತ್ತೇವೆ.

ಪಿಚರ್ ಹುಡುಗನ ವಯಸ್ಸು ಗೊತ್ತಾಗಿದ್ದು ಅದೇ ಸಂಜೆ. ಅವನ ತಾಯಿ ತಮ್ಮ ಡಬ್ಬಿಯಿಂದ ಐಸ್ ತೆಗೆದು ಬಟ್ಟೆಯಲ್ಲಿ ಸುತ್ತಿ ಓಡಿ ಬಂದರು. ಹಿಂದೆಯೇ ಹುಡುಗನೂ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನ ಮಗನಿಗೂ ನನಗೂ ಸಾರಿ ಹೇಳಿದ. ದನಿ ಆಗಲೇ ಒಡೆದಿತ್ತು. ಸೆಪ್ಟೆಂಬರ್‌ಗೆ ಹೈಸ್ಕೂಲಿಗೆ ಹೋಗುತ್ತಾನೆ, ಆ ತಿಂಗಳೇ ಹದಿನಾಲ್ಕು ತುಂಬುತ್ತದೆ ಎಂದು ತಾಯಿಯೇ ಹೇಳಿದರು. ಮುಚ್ಚಿಡಲು ಅವರಿಗೆ ಏನೂ ಇರಲಿಲ್ಲ. ಜನ ಕಡಿಮೆ ಇದ್ದಾರೆ, ಬರಬಹುದಾ ಅಂತ ಕೋಚ್ ಕೇಳಿದ್ದರು, ಹುಡುಗ ಖುಷಿಯಿಂದ ಬಂದಿದ್ದ.

ನಾನು ಲೀಗ್ ನಡೆಸುವವರಿಗೆ ಬರೆದೆ. ಇದು ಬರೀ ಮಜಾಕ್ಕೆ ಆಡುವ ಲೀಗ್, ಟ್ರೋಫಿ ಇಲ್ಲ, ಪಾಯಿಂಟ್ ಪಟ್ಟಿ ಇಲ್ಲ, ಹಾಗಾಗಿ ವಯಸ್ಸಿನ ವಿಷಯದಲ್ಲಿ ಸ್ವಲ್ಪ ಹೊಂದಿಕೊಳ್ಳಬೇಕಾಗುತ್ತದೆ ಎಂದು ಉತ್ತರ ಬಂತು. ಸಭ್ಯವಾಗಿಯೇ ಬರೆದಿದ್ದರು. ನನಗೆ ಒಪ್ಪಿಗೆ ಆಗಲಿಲ್ಲ, ಈಗಲೂ ಇಲ್ಲ. ವಯಸ್ಸಿನ ಮಿತಿ ಇರುವುದು ಟ್ರೋಫಿ ಯಾರಿಗೆ ಹೋಗಬೇಕು ಅನ್ನೋದಕ್ಕಾ? ಮೊದಲು ಅದು ಎದುರಿಗೆ ಬ್ಯಾಟ್ ಹಿಡಿದು ನಿಂತ ಮಗುವಿಗೆ. ಟ್ರೋಫಿ ಇಲ್ಲದ ಆಟದಲ್ಲೂ ಚೆಂಡು ಅಷ್ಟೇ ಗಟ್ಟಿ. ವಸಂತದ ಲೀಗ್‌ಗೆ ಸೇರಿಸುವಾಗ ಬರ್ತ್ ಸರ್ಟಿಫಿಕೇಟ್ ಕೇಳುತ್ತಾರೆ, ಮನೆ ವಿಳಾಸಕ್ಕೆ ಮೂರು ಬಗೆಯ ದಾಖಲೆ ಕೇಳುತ್ತಾರೆ. ಅದೇ ಮಕ್ಕಳು, ಅದೇ ಮೈದಾನ, ಅದೇ 46 ಅಡಿ. ಜುಲೈ ಬಂದ ಕೂಡಲೇ ಆನ್‌ಲೈನ್ ಫಾರ್ಮಿನಲ್ಲಿ ಒಂದು ಟಿಕ್ ಹಾಕಿದರೆ ಸಾಕು. ಯಾರಿಗೂ ಕೆಟ್ಟ ಉದ್ದೇಶ ಇಲ್ಲದೆಯೇ ತಪ್ಪು ಆಗುವುದು ಹೀಗೇ ಅಲ್ವಾ.

ಕೆಟ್ಟ ಉದ್ದೇಶದಿಂದಲೂ ಆಗಿದೆ, ಆ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. 2001ರ ಲಿಟಲ್ ಲೀಗ್ ವಿಶ್ವ ಸರಣಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ತಂಡದ ಡ್ಯಾನಿ ಅಲ್ಮೊಂಟೆ ಎಂಬ ಹುಡುಗ ಫ್ಲಾರಿಡಾದ ಅಪಾಪ್ಕಾ ತಂಡದ ಒಬ್ಬನೂ ಬೇಸ್ ಮುಟ್ಟದಂತೆ ಎಸೆದ. ಆರು ಇನ್ನಿಂಗ್ಸ್, ಇನ್ನಿಂಗ್ಸ್‌ಗೆ ಮೂರರಂತೆ 18 ಔಟ್, ಅದರಲ್ಲಿ 16 ಸ್ಟ್ರೈಕ್‌ಔಟ್, ಅಂದರೆ ಬ್ಯಾಟರ್ ಚೆಂಡನ್ನು ಸರಿಯಾಗಿ ಹೊಡೆಯಲಾಗದೆ ಔಟಾದದ್ದು. ದೇಶವೆಲ್ಲ ಹೊಗಳಿತು. ಆಮೇಲೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯವರು ಡೊಮಿನಿಕನ್ ಗಣರಾಜ್ಯದಲ್ಲಿ ಅವನ ಜನನ ದಾಖಲೆ ಹುಡುಕಿದರು. 1989ರಲ್ಲಿ ಹುಟ್ಟಿದ್ದು ಎಂದು ಕೊಟ್ಟಿದ್ದ ಹುಡುಗ ನಿಜಕ್ಕೂ 1987ರವನು. ಹನ್ನೆರಡಲ್ಲ, ಹದಿನಾಲ್ಕು. ತಂಡದ ಗೆಲುವುಗಳನ್ನೆಲ್ಲ ಅಳಿಸಿ ಹಾಕಿದರು. ಅವನ ತಂದೆಯನ್ನೂ ತಂಡ ಕಟ್ಟಿದವರನ್ನೂ ಲಿಟಲ್ ಲೀಗ್‌ನಿಂದ ಶಾಶ್ವತವಾಗಿ ಹೊರಗಿಟ್ಟರು. ದೊಡ್ಡವರು ಆ ಹುಡುಗನನ್ನೂ ಅವನ ಜೊತೆಗಾರರನ್ನೂ ಬಳಸಿಕೊಂಡರು ಎಂದು ಲಿಟಲ್ ಲೀಗ್‌ನ ಅಧ್ಯಕ್ಷರೇ ಆಗ ಹೇಳಿದರು. ನನಗೆ ಈ ಮಾತು ಮುಖ್ಯ ಅನಿಸುತ್ತದೆ. ಇಷ್ಟು ವರ್ಷ ಆದರೂ ಜನ ನೆನಪಿಟ್ಟುಕೊಂಡಿರುವುದು ಹುಡುಗನ ಹೆಸರನ್ನು. ಸುಳ್ಳು ದಾಖಲೆ ಕೊಟ್ಟ ದೊಡ್ಡವರ ಹೆಸರು ಕೇಳಿ ನೋಡಿ, ಹತ್ತರಲ್ಲಿ ಒಬ್ಬರಿಗೂ ನೆನಪಿರುವುದಿಲ್ಲ. ಅವನು ಮುಂದೆ ಸಂಬಳಕ್ಕೆ ಆಡುವವರ ಮೇಜರ್ ಲೀಗ್ ತಲುಪಲೂ ಇಲ್ಲ. ಮತ್ತೆ ಅಪಾಪ್ಕಾದ ಆ ಹನ್ನೆರಡು ವರ್ಷದ ಮಕ್ಕಳು, ಟಿವಿ ಮುಂದೆ, ಆ ಆಟದಲ್ಲಿ ಒಂದು ಬೇಸೂ ಮುಟ್ಟದೆ ವಾಪಸ್ ಬಂದವರು, ಅವರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ.

ನಮ್ಮ ದೇಶದಲ್ಲಿ ಇದು ಹೊಸದೇನಲ್ಲ. ಬೆಂಗಳೂರಿನಲ್ಲಿ ಬೆಳೆದ ನಮ್ಮ ರಾಹುಲ್ ದ್ರಾವಿಡ್ 2015ರಲ್ಲಿ ದೆಹಲಿಯಲ್ಲಿ ಪಟೌಡಿ ಉಪನ್ಯಾಸ ಕೊಟ್ಟಾಗ, ಕಿರಿಯರ ಕ್ರಿಕೆಟ್‌ನಲ್ಲಿ ವಯಸ್ಸು ಮುಚ್ಚಿಡುವುದನ್ನು ಮ್ಯಾಚ್ ಫಿಕ್ಸಿಂಗ್‌ನಂಥದೇ ತಪ್ಪು ಎಂದು ಕಡ್ಡಿ ಮುರಿದಂತೆ ಹೇಳಿದರು. ಹುಡುಗ ತನ್ನ ಆಟದ ಮೊದಲ ಹೆಜ್ಜೆಯಲ್ಲೇ, ಅದೂ ಮನೆಯವರಿಂದ, ಕೋಚ್‌ಗಳಿಂದ ಸುಳ್ಳು ಕಲಿಯುತ್ತಾನೆ ಅನ್ನೋದು ಅವರ ಸಂಕಟ. ಬಿಸಿಸಿಐ 16ರ ಒಳಗಿನ ಹುಡುಗರಿಗೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. 2020ರಲ್ಲಿ, ಸುಳ್ಳು ಹೇಳಿದ್ದವರು ತಾವಾಗಿಯೇ ಬಂದು ಒಪ್ಪಿಕೊಂಡರೆ ಶಿಕ್ಷೆ ಇಲ್ಲ, ಸಿಕ್ಕಿಬಿದ್ದರೆ ಎರಡು ವರ್ಷ ಹೊರಗೆ ಎಂದೂ ಹೇಳಿತು. ಒಳ್ಳೆಯ ದಾರಿ, ಹೆದರಿಕೊಂಡ ಹುಡುಗನಿಗೆ ವಾಪಸ್ ಬರಲು ಒಂದು ಬಾಗಿಲು ಇಟ್ಟರು.

ಮೂಳೆಯ ಎಕ್ಸ್‌ರೇ ಅಂದಾಗೆಲ್ಲ ನನಗೆ ನಮ್ಮ ಅಪ್ಪನ ನೆನಪು. ಅಪ್ಪನ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ದೊಡ್ಡಪ್ಪನದೂ ಜೂನ್ 1, ಅವರ ಸ್ನೇಹಿತರಲ್ಲಿ ಅರ್ಧ ಜನರದೂ ಜೂನ್ 1. ಓದುಗರ ಮನೆಗಳಲ್ಲೂ ಇಂಥವರು ಇದ್ದೇ ಇರುತ್ತಾರೆ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹುಡುಗನನ್ನು ನಿಲ್ಲಿಸಿ, ಬಲಗೈಯನ್ನು ತಲೆ ಮೇಲಿಂದ ತಂದು ಎಡಕಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಶಾಲೆಗೆ ಬರುವಷ್ಟು ಬೆಳೆದಿದ್ದಾನೆ. ತಾರೀಖು ಮೇಷ್ಟ್ರೇ ಬರೆದುಕೊಳ್ಳುತ್ತಿದ್ದರು. ದಾಖಲೆ ಇಲ್ಲದ ಕಾಲದಲ್ಲಿ ಅವರು ನೋಡಿದ್ದು ಮಗುವಿನ ಮೈಯನ್ನು, ಇವನು ಇಲ್ಲಿ ಕೂತು ತಾಳಿಕೊಳ್ಳುತ್ತಾನಾ ಅನ್ನೋದನ್ನು. ಸ್ಟಾಟ್ಸ್ ಅವರು ಮೈದಾನದಲ್ಲಿ ಮಾಡಿದ್ದೂ ಇದನ್ನೇ. ತಾರೀಖು ಅನ್ನೋದು ಎಲ್ಲ ಮಕ್ಕಳ ಕಿವಿ ಮುಟ್ಟಿಸಿ ನೋಡಲಾಗದ ಕಡೆ ಇಟ್ಟುಕೊಂಡ ಒಂದು ಗುರುತು. ತಂಗಿ ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ತಾರೀಖಿಗೆ ಬೆಲೆ ಇದೆ, ಗೆರೆ ಎಳೆದರೆ ಯಾರದೋ ಮಗು ಐದು ದಿನಕ್ಕೆ, ಐದು ವಾರಕ್ಕೆ ಆಚೆ ಬೀಳುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಆದರೆ ಗೆರೆ ಎಳೆದವರು ಆಚೆ ಬಿದ್ದ ಮಗುವಿಗೂ ಒಂದು ಜಾಗ ಮಾಡಬೇಕು. ಮಾಡದಿದ್ದರೆ ಆ ಮಗು ಗೆರೆ ದಾಟಿ ವಾಪಸ್ ಈಚೆಗೇ ಬರುತ್ತದೆ, ಆ ಜುಲೈ ಸಂಜೆ ಬಂದ ಹಾಗೆ.

ಯಾಕೆಂದರೆ ಆ ಹುಡುಗನಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಅವನ ತಾಯಿ ಹೇಳಿದ್ದು ಕೇಳಿ ನನ್ನ ಕೋಪ ಅರ್ಧ ಅಲ್ಲೇ ಇಳಿಯಿತು. ಅವರ ಊರಿನಲ್ಲಿ ಹದಿಮೂರು ದಾಟಿದವರ ತಂಡ ಜನ ಸಾಲದೆ ನಿಂತುಹೋಗಿತ್ತು. ಹನ್ನೆರಡಕ್ಕೆ ಎಲ್ಲ ಊರಲ್ಲೂ ಮಕ್ಕಳ ಜಾತ್ರೆ, ಹದಿಮೂರಕ್ಕೆ ಮೈದಾನ ಖಾಲಿ. ಒಂದು ವರ್ಷ 46 ಅಡಿಯಿಂದ ಎಸೆಯುತ್ತಿದ್ದ ಹುಡುಗ ಮುಂದಿನ ವರ್ಷ 60 ಅಡಿ 6 ಇಂಚಿನಿಂದ ಎಸೆಯಬೇಕು, 60 ಅಡಿ ಓಡುತ್ತಿದ್ದವನು 90 ಅಡಿ ಓಡಬೇಕು. ಆಗ ತಾನೆ ಮೈ ಬೆಳೆಯುತ್ತಿರುವ ಮಕ್ಕಳಿಗೆ ಅದು ಬಯಲಿನಲ್ಲಿ ಬಿಟ್ಟ ಹಾಗಿರುತ್ತದೆ, ಚೆಂಡು ಪ್ಲೇಟ್ ಮುಟ್ಟುವುದೇ ಇಲ್ಲ. ದುಡ್ಡಿದ್ದವರು ಊರೂರು ಸುತ್ತಿ ಟೂರ್ನಿ ಆಡುವ ಖಾಸಗಿ ಟ್ರಾವೆಲ್ ತಂಡ ಸೇರುತ್ತಾರೆ, ವರ್ಷಕ್ಕೆ ಸಾವಿರಾರು ಡಾಲರ್. ಆ ಹುಡುಗನ ಮನೆಯಲ್ಲಿ ಅಷ್ಟು ಇರಲಿಲ್ಲ.

ಟ್ರಾವೆಲ್ ಟೂರ್ನಿಗಳಲ್ಲಿ ವಯಸ್ಸಿನ ಗೊಂದಲ ಇನ್ನೂ ಜಾಸ್ತಿ. ಅಲ್ಲಿ ಹೆಚ್ಚಿನವರು ಲೆಕ್ಕ ಹಾಕುವುದು ಏಪ್ರಿಲ್ 30ಕ್ಕೆ. ಮೇ 5ಕ್ಕೆ ಹದಿಮೂರು ತುಂಬಿದ ಹುಡುಗ ಊರಿನ ಲಿಟಲ್ ಲೀಗ್‌ನಲ್ಲಿ ಹದಿಮೂರರವನು, ಶನಿವಾರದ ಟೂರ್ನಿಯಲ್ಲಿ ಹನ್ನೆರಡರವನು. ಲಿಟಲ್ ಲೀಗೇ ತಾರೀಖು ಬದಲಿಸುತ್ತಾ ಬಂದಿದೆ. 2005ರವರೆಗೆ ಜುಲೈ 31 ಇತ್ತು, 2006ರಿಂದ ಏಪ್ರಿಲ್ 30 ಆಯಿತು, ಆಗ ವಿಶ್ವ ಸರಣಿಯಲ್ಲಿ ಹದಿಮೂರು ತುಂಬಿದವರು ಬೇಕಾದಷ್ಟು ಆಡಿದರು, ಅದನ್ನು ತಪ್ಪಿಸಲು ಈಗ ಆಗಸ್ಟ್ 31 ಮಾಡಿದ್ದಾರೆ. ನನ್ನ ಪ್ರಕಾರ ಈಗಿನದೇ ಸರಿ, ಸರಣಿ ಮುಗಿಯುವವರೆಗೂ ಹನ್ನೆರಡು ಅಂದರೆ ಹನ್ನೆರಡೇ. ಇದರ ಜೊತೆ ಇನ್ನೊಂದು ಅಪಾಯ, ಎರಡೂ ಕಡೆ ಆಡುವ ಹುಡುಗನ ತೋಳು. ಲಿಟಲ್ ಲೀಗ್ 2007ರಿಂದ ಚೆಂಡು ಎಣಿಸುತ್ತದೆ: ಹನ್ನೊಂದು ಹನ್ನೆರಡರವರಿಗೆ ದಿನಕ್ಕೆ 85, ಅದರಲ್ಲಿ 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಆದರೆ ಗುರುವಾರ ಒಂದು ಕಡೆ ಎಸೆದದ್ದು ಶನಿವಾರ ಇನ್ನೊಂದು ಕಡೆಯ ಕೋಚ್‌ಗೆ ಗೊತ್ತಾಗುವುದು ಮನೆಯವರು ಹೇಳಿದರೆ ಮಾತ್ರ. ದಯವಿಟ್ಟು ಹೇಳಿ. ಸ್ಕೋರ್ ಬರೆಯುವವಳಾಗಿ ಕೇಳಿಕೊಳ್ಳುತ್ತೇನೆ.

ದೊಡ್ಡ ಮಕ್ಕಳಿಗೆ ಜಾಗ ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕನ್ ಲೀಜನ್ ಬೇಸ್‌ಬಾಲ್ 1925ರಲ್ಲಿ ಸೌತ್ ಡಕೋಟಾದ ಮಿಲ್‌ಬ್ಯಾಂಕ್‌ನಲ್ಲಿ ಶುರುವಾಗಿ, ಇವತ್ತಿಗೂ ಹತ್ತೊಂಬತ್ತರವರೆಗಿನ ಹುಡುಗರನ್ನು ಬೇಸಿಗೆಯಲ್ಲಿ ಆಡಿಸುತ್ತಿದೆ. ಕಾಲೇಜಿನ ಮೊದಲ ವರ್ಷ ಮುಗಿಸಿ ಬಂದ ನಮ್ಮ ಪಕ್ಕದ ಮನೆ ಹುಡುಗ ಅದರಲ್ಲೇ ಆಡುತ್ತಾನೆ, ಅವನ ಆಟ ನೋಡಲು ಇಡೀ ಬೀದಿ ಹೋಗುತ್ತದೆ. ಆದರೆ ಲಿಟಲ್ ಲೀಗ್ ಹದಿನೆಂಟರವರೆಗಿನ ದೊಡ್ಡ ಹುಡುಗರಿಗೆ ನಡೆಸುತ್ತಿದ್ದ ಬಿಗ್ ಲೀಗ್ ವಿಭಾಗವನ್ನು 2016ರ ನಂತರ ನಿಲ್ಲಿಸಿತು. ಹದಿಮೂರರ ಕಂದಕ ದಾಟಿಸಲು ಒಂದು ಒಳ್ಳೆಯ ಸೇತುವೆಯನ್ನೂ ಅವರೇ ಮಾಡಿದ್ದಾರೆ, ಅದು 50/70 ವಿಭಾಗ. ಹನ್ನೊಂದರಿಂದ ಹದಿಮೂರರವರಿಗೆ, ಎಸೆಯಲು 50 ಅಡಿ, ಓಡಲು 70 ಅಡಿ. ಮತ್ತೆ ಅದೇ ಹಳೆಯ ಬುದ್ಧಿ, ಮೈಗೆ ತಕ್ಕ ಅಂಗಳ. ಇದು ಎಲ್ಲ ಊರಲ್ಲೂ ಇಲ್ಲ. ನಮ್ಮಲ್ಲೂ ಇಲ್ಲ.

ಹಾಗಾಗಿ ನಾನು ಲೀಗ್‌ನವರಿಗೆ ಎರಡನೇ ಸಲ ಬರೆದಾಗ ದೂರು ಬರೆಯಲಿಲ್ಲ, ಕೇಳಿಕೆ ಬರೆದೆ. ಹನ್ನೆರಡರ ಗುಂಪಿಗೆ ಬೇಸಿಗೆಯಲ್ಲೂ ಬರ್ತ್ ಸರ್ಟಿಫಿಕೇಟ್ ನೋಡಿ. ಒಂಬತ್ತು ಜನ ಸೇರದ ಸಂಜೆ ದೊಡ್ಡ ಹುಡುಗನನ್ನು ಕರೆಯಲೇಬೇಕಾದರೆ ಎದುರಿನ ಕೋಚ್‌ಗೆ ಮೊದಲೇ ಹೇಳಿ, ಅವನು ಹಿಂದೆ ಔಟ್‌ಫೀಲ್ಡ್‌ನಲ್ಲಿ ನಿಂತು ಆಡಲಿ, ಪಿಚಿಂಗ್ ಮಾತ್ರ ಬೇಡ. ಇನ್ನೊಂದು, ಅವನನ್ನು ಮನೆಗೆ ಕಳಿಸಬೇಡಿ. ಮುಂದಿನ ಬೇಸಿಗೆಗೆ ನಾಲ್ಕೂರು ಸೇರಿ ಒಂದು 50/70 ಗುಂಪು ಮಾಡಿ, ಇದು ಮಜಾಕ್ಕೆ ಆಡುವ ಲೀಗ್ ಅಂದಮೇಲೆ ಅಲ್ಲಿಗೆ ಹದಿನಾಲ್ಕರವರನ್ನೂ ಸೇರಿಸಿಕೊಳ್ಳಿ. ಅಳತೆ ಹಾಕಿ ಬೇಸ್ ಸರಿಸಲು, ಗೆರೆ ಎಳೆಯಲು ನಾವು ಬರುತ್ತೇವೆ ಅಂದೆ. ಮೊದಲೆರಡನ್ನು ಒಪ್ಪಿಕೊಂಡರು. ಮೂರನೆಯದಕ್ಕೆ, ಮಕ್ಕಳನ್ನು ಕೂಡಿಸಿ ತನ್ನಿ, ಮೈದಾನ ಕೊಡುತ್ತೇವೆ ಅಂದರು. ನ್ಯಾಯವಾದ ಮಾತು.

ಕೂಡಿಸುವಾಗ ಗೊತ್ತಾಯಿತು, ಹದಿಮೂರಕ್ಕೆ ಆಟ ಬಿಡಿಸುವವರಲ್ಲಿ ನಮ್ಮ ಜನವೂ ಬೇಕಾದಷ್ಟು ಇದ್ದಾರೆ. ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಕೇಳಿದರೆ, ಇನ್ನು ಹೈಸ್ಕೂಲು ಬರುತ್ತದೆ, ಮ್ಯಾತ್ಸ್ ಕ್ಲಾಸ್ ಇದೆ, ಅವನಿಗೆ ಹೈಸ್ಕೂಲ್ ತಂಡದಲ್ಲಿ ಜಾಗ ಸಿಗುವ ಹಾಗಿಲ್ಲ, ಮತ್ಯಾಕೆ ಅನ್ನುತ್ತಾರೆ. ಹುಡುಗ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿರುತ್ತಾನೆ, ಮಾತಾಡುವುದಿಲ್ಲ. ತಂಡಕ್ಕೆ ಜಾಗ ಸಿಗದವನಿಗೇ ಅಲ್ವಾ ಬೇಸಿಗೆ ಲೀಗ್ ಇರುವುದು. ವಾರಕ್ಕೆ ಎರಡು ಸಂಜೆ, ಫೋನ್ ಬ್ಯಾಗಿನಲ್ಲಿ, ಬೆವರು, ಧೂಳು, ಜೊತೆಗೆ ಎಂಟು ಜನ ಗೆಳೆಯರು. ಆ ವಯಸ್ಸಿನಲ್ಲಿ ಇದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ.

ಆ ಜುಲೈ ಸಂಜೆಯ ಹುಡುಗನ ತಾಯಿಯೂ ನಾನೂ ಈಗ ಸೇರಿ ಪಟ್ಟಿ ಮಾಡುತ್ತಿದ್ದೇವೆ. ಮೊದಲ ಹೆಸರು ಅವನದೇ. ಎರಡನೆಯದು ನನ್ನ ಮಗನ ಗೆಳೆಯ, ಆಗಸ್ಟ್ 29ರವನು. ಈ ಕಾಗದವನ್ನು ನಮ್ಮ ಕಡೆಯ ಓದುಗರು ಇಂಟರ್ನೆಟ್ಟಿನಲ್ಲಿ ಓದುತ್ತಾರೆ ಅಂತ ಗೊತ್ತು. ನ್ಯೂಜೆರ್ಸಿಯ ನಡು ಭಾಗದಲ್ಲಿ ಇರುವವರ ಮನೆಯಲ್ಲಿ ಹದಿಮೂರು ಹದಿನಾಲ್ಕರ ಮಕ್ಕಳಿದ್ದರೆ, ಕೈಗವಸು ಗ್ಯಾರೇಜಿನಲ್ಲಿ ಬಿದ್ದಿದ್ದರೆ, ನಿಮ್ಮ ಊರಿನ ಬೇಸಿಗೆ ಲೀಗ್‌ನವರನ್ನು 50/70 ಇದೆಯಾ ಎಂದು ಒಮ್ಮೆ ಕೇಳಿ. ನಮ್ಮ ಪಟ್ಟಿಯಲ್ಲಿ ಇಲ್ಲಿವರೆಗೆ ಏಳು ಹೆಸರು ಬಂದಿವೆ. ಒಂಬತ್ತು ಬೇಕು.

ಇತಿ,
ಹಾಸನದ ಮಗಳು, ಈಗ ನ್ಯೂಜೆರ್ಸಿ